ಸಂಪಾದಕರ ಉತ್ತರ: ಮಗಳು ಮಿಡ್‌ಫೀಲ್ಡ್‌ನಲ್ಲೇ ಆಡಲಿ

ಬೆಳಗಾವಿಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಒಂಬತ್ತನೇ ಕ್ಲಾಸು, ಶಾಲೆಯ ಫುಟ್‌ಬಾಲ್ ಟೀಮಿನಲ್ಲಿ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದಲ್ಲಿ ಆಡುವವಳು. ಟೀಮು ಗೆದ್ದಾಗಲೆಲ್ಲ ನೆಂಟರಿಷ್ಟರು ಕೇಳುವುದು ಒಂದೇ: "ನೀನೆಷ್ಟು ಗೋಲು ಹೊಡೆದೆ?" ಹುಡುಗಿ ಸುಮ್ಮನಾಗುತ್ತಾಳಂತೆ. ಅವಳನ್ನು ಮುಂದೆ, ಗೋಲು ಹೊಡೆಯುವ ಫಾರ್ವರ್ಡ್ ಜಾಗದಲ್ಲಿ ಆಡಿಸಿ ಅಂತ ಕೋಚ್‌ಗೆ ಹೇಳಲಾ? ಗೋಲು ಹೊಡೆಯದವರನ್ನು ಯಾರು ಗುರುತಿಸ್ತಾರೆ? ಹುಡುಗಿಯರ ಆಟ ಇಪ್ಪತ್ತೈದಕ್ಕೆಲ್ಲ ಮುಗಿದುಹೋಗುತ್ತಂತೆ, ನಿಜವಾ? ಇವು ಅವರ ಪ್ರಶ್ನೆಗಳು.

ನೇರವಾಗಿ ಹೇಳುತ್ತೇನೆ ಅಮ್ಮಾ, ಕೋಚ್‌ಗೆ ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದವರು ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ್ತಿ ಫೋರ್ಮಿಗಾ. ಪೂರ್ತಿ ಹೆಸರು ಮಿರೈಲ್ಡೆಸ್ ಮಸಿಯೆಲ್ ಮೋಟಾ. ಅವರು ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ಹುಟ್ಟಿದ್ದು 1978ರಲ್ಲಿ. ಆಗ ಅವರ ದೇಶದಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದಕ್ಕೇ ನಿಷೇಧ ಇತ್ತು. 1941ರಲ್ಲಿ ಹೊರಟ ಆದೇಶ ಅದು. 1979ರಲ್ಲಿ ರದ್ದಾಯಿತು, ಆದರೆ ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗಲಿಲ್ಲ. ತಂಗಿ ಚೆಂಡು ಒದೆಯುವುದು ಅಣ್ಣಂದಿರಿಗೇ ಹಿಡಿಸುತ್ತಿರಲಿಲ್ಲ. ಬೆನ್ನಿಗೆ ನಿಂತದ್ದು ತಾಯಿ.

ಆ ಹುಡುಗಿ 17ನೇ ವಯಸ್ಸಿಗೆ 1995ರ ಸ್ವೀಡನ್ ವಿಶ್ವಕಪ್‌ಗೆ ಹೋದಳು. ಅಲ್ಲಿಂದ 2019ರವರೆಗೆ ನಡೆದ ಏಳೂ ವಿಶ್ವಕಪ್‌ಗಳಲ್ಲಿ ಆಡಿದರು. ಒಲಿಂಪಿಕ್ಸ್‌ಗೆ ಮಹಿಳಾ ಫುಟ್‌ಬಾಲ್ ಬಂದದ್ದೇ 1996ರಲ್ಲಿ. ಆಗಿನಿಂದ ಟೋಕಿಯೊವರೆಗೆ ಅಲ್ಲೂ ಏಳಕ್ಕೆ ಏಳು. 2004 ಮತ್ತು 2008ರಲ್ಲಿ ಬೆಳ್ಳಿ. ಎರಡು ಸಲವೂ ಫೈನಲ್‌ನಲ್ಲಿ ಸೋಲಿಸಿದ್ದು ಅಮೆರಿಕ, ಎರಡು ಸಲವೂ ಎಕ್ಸ್‌ಟ್ರಾ ಟೈಮ್‌ನಲ್ಲಿ. ಕೊನೆಯ ವಿಶ್ವಕಪ್ ಆಡುವಾಗ 41, ಟೋಕಿಯೊದಲ್ಲಿ 43 ವರ್ಷ. ಇಪ್ಪತ್ತೈದಕ್ಕೆ ಮುಗಿಯಿತು ಅನ್ನುವವರಿಗೆ ಇಷ್ಟು ಸಾಕಲ್ವಾ?

ಇಷ್ಟು ವರ್ಷ ಅವರನ್ನು ಟೀಮಿನಲ್ಲಿ ಉಳಿಸಿದ್ದು ಗೋಲುಗಳಲ್ಲ. ಅವರು ಆಡುತ್ತಿದ್ದದ್ದು ಡಿಫೆನ್ಸಿವ್ ಮಿಡ್‌ಫೀಲ್ಡ್. ಎದುರಾಳಿಯ ಪಾಸನ್ನು ನಡುವೆಯೇ ಕತ್ತರಿಸಬೇಕು. ಡಿಫೆಂಡರ್ ಮುಂದೆ ಹೋದರೆ ಅವಳ ಜಾಗ ಕಾಯಬೇಕು. ಚೆಂಡು ಕಾಲಿಗೆ ಬರುವ ಮುಂಚೆಯೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಿಕೊಂಡಿರಬೇಕು. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಕೆಲಸ ಇದು. ಫೋಟೋದಲ್ಲಿ ಅವರಿರುವುದಿಲ್ಲ, ಅವರಿಲ್ಲದಿದ್ದರೆ ಎಲೆಗೆ ಊಟ ಬರುವುದಿಲ್ಲ.

2015ರ ಜೂನ್ 9, ಮಾಂಟ್ರಿಯಲ್. ವಿಶ್ವಕಪ್‌ನಲ್ಲಿ ಬ್ರೆಜಿಲ್‌ಗೆ ದಕ್ಷಿಣ ಕೊರಿಯಾ ಎದುರಾಳಿ. ಮೊದಲ ಅರ್ಧದಲ್ಲಿ ಕೊರಿಯಾದ ಡಿಫೆಂಡರ್ ತನ್ನ ಗೋಲ್‌ಕೀಪರ್ ಕಡೆಗೆ ಚೆಂಡನ್ನು ಹಿಂದಕ್ಕೆ ತಳ್ಳಿದಳು. ಒದೆತ ಸ್ವಲ್ಪ ಮೆತ್ತಗಾಯಿತು, ಅಷ್ಟೇ. ಫೋರ್ಮಿಗಾ ಅದನ್ನೇ ಕಾಯುತ್ತಿದ್ದವರ ಹಾಗೆ ನುಗ್ಗಿ ಚೆಂಡು ಕಿತ್ತುಕೊಂಡು ಗೋಲು ಹೊಡೆದರು. ಆಗ ಅವರಿಗೆ 37. ಮಹಿಳಾ ವಿಶ್ವಕಪ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಅಲ್ಲಿಯವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. ಅದೇ ಪಂದ್ಯದಲ್ಲಿ ಬ್ರೆಜಿಲ್‌ನ ಫಾರ್ವರ್ಡ್ ಮಾರ್ತಾ ಪೆನಾಲ್ಟಿಯಿಂದ ತಮ್ಮ 15ನೇ ವಿಶ್ವಕಪ್ ಗೋಲು ಹೊಡೆದು ದಾಖಲೆ ಮಾಡಿದರು. ದೊಡ್ಡ ಸುದ್ದಿಯಾದದ್ದು ಅದು. ಮಾರ್ತಾ ಅದಕ್ಕೆ ಅರ್ಹರೇ. ಆದರೆ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮುಂಚೆಯೇ ಓದುವ ಆ ಕಣ್ಣು ಇದೆಯಲ್ಲ, ಅದು ನನಗೆ ಪೆನಾಲ್ಟಿಗಿಂತ ದೊಡ್ಡದಾಗಿ ಕಾಣುತ್ತದೆ. ವಯಸ್ಸಾದಂತೆ ಓಟ ಕಮ್ಮಿಯಾದರೂ ಆ ಕಣ್ಣು ಹರಿತವಾಗುತ್ತಾ ಹೋಗುತ್ತದೆ. ಒಳ್ಳೆಯ ಮಿಡ್‌ಫೀಲ್ಡರ್‌ಗಳು ಜಾಸ್ತಿ ವರ್ಷ ಆಡುವುದಕ್ಕೆ ಇದೂ ಒಂದು ಕಾರಣ.

ಕ್ಲಬ್ಬಿನ ದಾರಿ ಸಲೀಸಾಗಿರಲಿಲ್ಲ, ಅದನ್ನೂ ಹೇಳಬೇಕು. ಸ್ವೀಡನ್‌ಗೆ ಹೋದರು, ಅಮೆರಿಕಕ್ಕೆ ಹೋದರು. ಅಲ್ಲಿ ಅವರು ಆಡಿದ ಲೀಗೇ 2012ರಲ್ಲಿ ಮುಚ್ಚಿಹೋಯಿತು. ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ಲೀಗ್ ಈಗಿನ ರೂಪಕ್ಕೆ ಬಂದದ್ದು 2013ರಲ್ಲಿ. ಪ್ಯಾರಿಸ್ ಸೇಂಟ್ ಜರ್ಮೈನ್‌ನಂಥ ದೊಡ್ಡ ಕ್ಲಬ್ ಅವರನ್ನು ಕರೆದಾಗ 2017, ವಯಸ್ಸು 39ರ ಹೊಸ್ತಿಲಲ್ಲಿ. ಲಿಯಾನ್ ಕ್ಲಬ್ ಸತತ 14 ವರ್ಷ ಕೈಬಿಡದೆ ಇಟ್ಟುಕೊಂಡಿದ್ದ ಫ್ರಾನ್ಸ್ ಲೀಗ್ ಪಟ್ಟವನ್ನು 2021ರಲ್ಲಿ ಪ್ಯಾರಿಸ್ ಕಿತ್ತುಕೊಂಡಿತು. ಆ ಟೀಮಿನಲ್ಲಿ ಫೋರ್ಮಿಗಾ ಇದ್ದರು.

ಈ ಉದ್ದದ ಆಟವನ್ನು ಬರೀ ಹೊಗಳಿ ಬಿಡಲು ನನಗೆ ಮನಸ್ಸಾಗುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್ ಆದಮೇಲೆ ಅವರು ದೇಶದ ಟೀಮಿಗೆ ವಿದಾಯ ಹೇಳಿದ್ದರು. ಮತ್ತೆ ಕರೆಸಿಕೊಂಡರು, ಬಂದರು. ಅವರ ಜಾಗಕ್ಕೆ ಇನ್ನೊಬ್ಬಳು ತಯಾರಾಗಿರಲಿಲ್ಲ. ತಯಾರು ಮಾಡಬೇಕಾದವರು ಮಾಡಿರಲಿಲ್ಲ. 2007ರ ವಿಶ್ವಕಪ್ ಫೈನಲ್ ಸೋತ ದಿನವೇ ಆಟಗಾರ್ತಿಯರು ಮೈದಾನದಲ್ಲಿ ಬ್ಯಾನರ್ ಹಿಡಿದು ನಮಗೆ ಬೆಂಬಲ ಬೇಕು ಅಂತ ದೇಶವನ್ನು ಕೇಳಿದ್ದರು. 2019ರಲ್ಲಿ ಫ್ರಾನ್ಸ್ ಎದುರು ಸೋತು ಹೊರಬಿದ್ದಾಗ ಮಾರ್ತಾ ಕಣ್ಣೀರು ಹಾಕುತ್ತಾ ಚಿಕ್ಕ ಹುಡುಗಿಯರಿಗೆ ಹೇಳಿದ್ದೂ ಇದನ್ನೇ: ಫೋರ್ಮಿಗಾ ಯಾವಾಗಲೂ ಇರುವುದಿಲ್ಲ, ನಾನೂ ಇರುವುದಿಲ್ಲ, ಈ ಆಟ ಉಳಿಯುವುದು ನಿಮ್ಮಿಂದ. ಹನ್ನೆರಡು ವರ್ಷದ ನಂತರವೂ ಅದೇ ಅಳಲು. ಒಬ್ಬ ಹೆಂಗಸಿನ ಗಟ್ಟಿತನದ ಮೇಲೆ ಇಡೀ ವ್ಯವಸ್ಥೆ ಭಾರ ಹಾಕಿ ಕೂತರೆ ನನಗೆ ಸಿಟ್ಟು ಬರುತ್ತದೆ.

ಅವರು ಬ್ರೆಜಿಲ್‌ಗೆ ಕೊನೆಯದಾಗಿ ಆಡಿದ್ದು ಯಾರ ಎದುರು ಗೊತ್ತಾ? ನಮ್ಮ ಭಾರತದ ಎದುರು. 2021ರ ನವೆಂಬರ್ 25, ಬ್ರೆಜಿಲ್‌ನ ಮನೌಸ್. ಬ್ರೆಜಿಲ್ 6-1ರಿಂದ ಗೆದ್ದಿತು. ಆ ಒಂದು ಗೋಲು ನಮ್ಮ ಮನೀಷಾ ಕಲ್ಯಾಣ್ ಅವರದು, ಶುರುವಿನಲ್ಲೇ, ಸ್ಕೋರು 1-1 ಮಾಡಿದ ಗೋಲು. ಕೊನೆಯ ಹೊತ್ತಿಗೆ ಫೋರ್ಮಿಗಾ ಬದಲಿಯಾಗಿ ಇಳಿದರು. ಅವರು ಹುಟ್ಟಿದ ವರ್ಷದಲ್ಲಿ ನಡೆಸುವುದಕ್ಕೇ ನಿಷೇಧವಿದ್ದಂಥ ಪಂದ್ಯ ಈಗ ಅವರ ಗೌರವಕ್ಕೇ ನಡೆಯಿತು.

ನಮ್ಮಲ್ಲಿ ಗೋಲು ಬೇಕು ಅನ್ನುವವರಿಗೂ ಒಂದು ಮಾತು. 2025ರ ಜುಲೈನಲ್ಲಿ ಥಾಯ್ಲೆಂಡ್‌ನಲ್ಲಿ ಥಾಯ್ಲೆಂಡನ್ನೇ 2-1ರಿಂದ ಸೋಲಿಸಿ ಭಾರತ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಅವರು ಮಿಡ್‌ಫೀಲ್ಡರ್!

ಇನ್ನು ನಿಮ್ಮ ಮಗಳು. ಅವಳ ಜೊತೆ ಕೂತು 2019ರ ವಿಶ್ವಕಪ್‌ನ ಬ್ರೆಜಿಲ್-ಫ್ರಾನ್ಸ್ ಪಂದ್ಯ ನೋಡಿ. ಚೆಂಡಿನ ಹಿಂದೆ ಹೋಗಬೇಡಿ, 8ನೇ ನಂಬರಿನ ಅಂಗಿಯನ್ನೇ ನೋಡುತ್ತಿರಿ. ಓದು ಬಿಡಿಸಬೇಡಿ. ಹಣದ ವಿಚಾರದಲ್ಲಿ ಈ ಆಟ ನಮ್ಮಲ್ಲಿ ಇನ್ನೂ ನೆಚ್ಚಿಕೊಳ್ಳುವಂತಿಲ್ಲ. ಆದರೆ ದಾರಿಯೇ ಇಲ್ಲ ಅಂತಲ್ಲ. ಇಂಡಿಯನ್ ವಿಮೆನ್ಸ್ ಲೀಗ್ ಇದೆ, 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಟೀಮು ಅದರ ಫೈನಲ್‌ವರೆಗೆ ಹೋಗಿತ್ತು. ನಾಳೆ ಅವಳು ಯಾವುದಾದರೂ ಕ್ಲಬ್ಬಿನ ಟ್ರಯಲ್ಸ್‌ಗೆ ಹೋದರೆ ಯಾವ ಜಾಗದಲ್ಲಿ ಆಡ್ತೀಯಾ ಅಂತ ಮೊದಲೇ ಕೇಳುತ್ತಾರೆ. ಮಿಡ್‌ಫೀಲ್ಡ್ ಅಂತಲೇ ಬರೆಸಲಿ.