ಚಾರ್ಜ್ ಇರುವ ತಟ್ಟೆ ತಿರುಗುವಾಗ ಕಾಂತಕ್ಷೇತ್ರ ಅದನ್ನು ಏನು ಮಾಡುತ್ತದೆ?

ನೀವು ಕೇಳಿರುವುದು ಇಷ್ಟು: ಸಮನಾಗಿ ಚಾರ್ಜ್ ಹರಡಿರುವ ತಟ್ಟೆ ತನ್ನ ಅಕ್ಷದ ಸುತ್ತ ತಿರುಗುತ್ತಿದೆ. ಪಕ್ಕದಿಂದ ಒಂದೇ ಸಮನಾದ ಕಾಂತಕ್ಷೇತ್ರವಿದೆ. ಅಂಚಿನ ವೇಗ ತೆಗೆದುಕೊಂಡು ಚಾರ್ಜ್ × ವೇಗ × ಕ್ಷೇತ್ರ ಅಂತ ಲೆಕ್ಕ ಹಾಕಿದರೆ ಉತ್ತರ ಯಾಕೆ ತಾಳೆಯಾಗುವುದಿಲ್ಲ?

ಮೈಸೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುವ ನಾನು ಈ ಲೆಕ್ಕಕ್ಕೆ ಮೊದಲು ಕೇಳುವುದು, ಯಾವ ಚಾರ್ಜಿನ ವೇಗ ಅಂತ. ದಸರಾ ವಸ್ತುಪ್ರದರ್ಶನದಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆಗಳನ್ನು ನೋಡಿದ್ದೀರಲ್ವಾ? ಹೊರಸಾಲಿನದು ಜೋರು, ಒಳಸಾಲಿನದು ನಿಧಾನ, ಸುತ್ತು ಮುಗಿಯುವುದು ಮಾತ್ರ ಒಟ್ಟಿಗೆ. ತಟ್ಟೆಯ ಚಾರ್ಜೂ ಹಾಗೇ. ದಿಕ್ಕೂ ಜಾಗದಿಂದ ಜಾಗಕ್ಕೆ ಬೇರೆ.

ತಟ್ಟೆಯನ್ನು ಮೇಜಿನ ಮೇಲೆ ಮಲಗಿಸಿದ ಹಾಗೆ ಇಟ್ಟುಕೊಳ್ಳಿ. ಧನ ಚಾರ್ಜ್, ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತಿದೆ, ಕ್ಷೇತ್ರ ಪೂರ್ವಕ್ಕೆ. ಪೂರ್ವದ ಅಂಚಿನ ಚಾರ್ಜ್ ಉತ್ತರಕ್ಕೆ ಓಡುತ್ತಿದೆ, ಅದರ ಮೇಲಿನ ಬಲ ಕೆಳಕ್ಕೆ. ಪಶ್ಚಿಮದ ಅಂಚಿನದು ದಕ್ಷಿಣಕ್ಕೆ, ಬಲ ಮೇಲಕ್ಕೆ. ಉತ್ತರ, ದಕ್ಷಿಣದ ತುದಿಗಳಲ್ಲಿ ವೇಗ ಕ್ಷೇತ್ರದ ಗೆರೆಯಲ್ಲೇ ಇರುವುದರಿಂದ ಬಲವೇ ಇಲ್ಲ. ಎಲ್ಲ ಕೂಡಿಸಿದರೆ ಒಟ್ಟು ಬಲ ಸೊನ್ನೆ! ಉಳಿಯುವುದು ಟಾರ್ಕ್, ಅಂದರೆ ತಟ್ಟೆಯನ್ನು ವಾಲಿಸುವ ತಿರುಚು. ನೀವು ಹುಡುಕಬೇಕಾದದ್ದು ಅದನ್ನೇ.

ತಟ್ಟೆಯನ್ನು ಸಣ್ಣ ಸಣ್ಣ ಬಳೆಗಳಾಗಿ ಸೀಳಿ. ಒಂದು ಬಳೆಯ ಚಾರ್ಜನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಅದರ ಕರೆಂಟ್. ಕರೆಂಟನ್ನು ಬಳೆಯೊಳಗಿನ ವಿಸ್ತೀರ್ಣದಿಂದ ಗುಣಿಸಿದರೆ ಮ್ಯಾಗ್ನೆಟಿಕ್ ಮೊಮೆಂಟ್. ಒಳಗಿನಿಂದ ಅಂಚಿನವರೆಗೆ ಇಂಟಿಗ್ರೇಟ್ ಮಾಡಿದರೆ ಬರುವುದು: ಚಾರ್ಜ್ × ಕೋನವೇಗ (ಸೆಕೆಂಡಿನ ಸುತ್ತುಗಳು × 2π) × ತ್ರಿಜ್ಯದ ವರ್ಗ ÷ 4. ಅದನ್ನು ಕ್ಷೇತ್ರದಿಂದ, ಅಕ್ಷಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಸೈನ್‌ನಿಂದ ಗುಣಿಸಿ, ಟಾರ್ಕ್ ಸಿಕ್ಕಿತು. ಚಾರ್ಜೆಲ್ಲ ಅಂಚಿನಲ್ಲೇ ಇರುವ ಬರೀ ಬಳೆಯಾದರೆ ಭಾಜಕ 2, ತುಂಬಿದ ಗೋಳವಾದರೆ 5.

10 ಸೆಂ.ಮೀ. ತ್ರಿಜ್ಯ, 1 ಮೈಕ್ರೊಕೂಲಂಬ್, ಸೆಕೆಂಡಿಗೆ 50 ಸುತ್ತು ಅಂತ ಹಾಕಿ ನೋಡಿ. ಕರೆಂಟ್ ಬರೀ 50 ಮೈಕ್ರೊಆಂಪಿಯರ್. 1 ಟೆಸ್ಲಾದ ಜೋರು ಕ್ಷೇತ್ರ ಪಕ್ಕದಿಂದ ಇದ್ದರೂ ಟಾರ್ಕ್ ಸುಮಾರು 0.8 ಮೈಕ್ರೊನ್ಯೂಟನ್-ಮೀಟರ್.

ತಿರುಗುವ ಚಾರ್ಜನ್ನು ಕರೆಂಟ್ ಅಂತ ಕರೆಯುವುದು ಸುಮ್ನೆ ಲೆಕ್ಕದ ಅನುಕೂಲಕ್ಕಲ್ಲ. 1876ರಲ್ಲಿ ಅಮೆರಿಕದ ಭೌತವಿಜ್ಞಾನಿ ಹೆನ್ರಿ ರೋಲೆಂಡ್ ಬರ್ಲಿನ್‌ನಲ್ಲಿ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರ ಪ್ರಯೋಗಾಲಯದಲ್ಲಿ, ಚಾರ್ಜ್ ಮಾಡಿದ ಎಬೊನೈಟ್ (ಗಟ್ಟಿ ರಬ್ಬರ್) ತಟ್ಟೆಯನ್ನು ಜೋರಾಗಿ ತಿರುಗಿಸಿ ಕಾಂತಸೂಜಿ ಅಲುಗುವುದನ್ನು ತೋರಿಸಿದರು. ಅಷ್ಟು ಸಣ್ಣ ಪರಿಣಾಮವನ್ನು ಆ ಕಾಲದಲ್ಲೇ ಹಿಡಿದದ್ದು ನನಗೆ ಇವತ್ತಿಗೂ ದೊಡ್ಡ ಕೆಲಸ ಅನ್ನಿಸುತ್ತದೆ.

ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ಮಾತ್ರ ಒಟ್ಟು ಬಲವೂ ಹುಟ್ಟಬಹುದು. ಆಗ ಅದೇ ಮೊಮೆಂಟನ್ನು ಕ್ಷೇತ್ರ ಬದಲಾಗುವ ದರದ ಜೊತೆ ಗುಣಿಸಬೇಕು.

ಇನ್ನೊಂದು, ನಿಮ್ಮ ಪ್ರಶ್ನೆಯಲ್ಲಿ ತಟ್ಟೆ ಯಾವುದರದ್ದು ಅಂತ ನೋಡಿಕೊಳ್ಳಿ. ಲೋಹದ್ದಾದರೆ ಚಾರ್ಜ್ ಸಮನಾಗಿ ಹರಡುವುದಿಲ್ಲ, ಅಂಚಿನ ಕಡೆಗೆ ಜಾಸ್ತಿ ಸೇರುತ್ತದೆ. ಆಗ ಮೊಮೆಂಟಿನ ಸೂತ್ರದಲ್ಲಿ ಭಾಜಕ 4ರ ಜಾಗದಲ್ಲಿ 3 ಬರುತ್ತದೆ.