ಹಳೆಯ ಸೀರೆ ತೂಗುಹಾಕಿದರೆ ಕಲೆಯೇ?

(ಪತ್ರದ ಸಾರ: ಕೊಪ್ಪಳದಲ್ಲಿ ಹೊಲಿಗೆ ಅಂಗಡಿ ನಡೆಸುವ ಓದುಗರೊಬ್ಬರು ಕಳೆದ ವರ್ಷ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಒಂದು ಕಲಾ ಗ್ಯಾಲರಿಯನ್ನು ಹೊಕ್ಕರು. ಬಿಳಿ ಗೋಡೆಯ ಕೋಣೆಯಲ್ಲಿ ಹಳೆಯ ಸೀರೆಗಳಿಗೆ ಗಂಟು ಹಾಕಿ ಮೇಲಿನಿಂದ ಇಳಿಬಿಟ್ಟಿದ್ದರು. ಏನೂ ತಿಳಿಯದೆ, ಕಾವಲುಗಾರನ ನೋಟಕ್ಕೂ ಅಂಜಿ, ಐದೇ ನಿಮಿಷದಲ್ಲಿ ಹೊರಬಂದರು. ಮುಂದಿನ ತಿಂಗಳು ಮತ್ತೆ ನಾಲ್ಕು ದಿನಕ್ಕೆ ಹೊರಟಿದ್ದಾರೆ. ‘ಇಂಥವನ್ನು ನಮ್ಮಂಥವರು ನೋಡುವುದು ಹೇಗೆ? ನೋಡಲೇಬೇಕೆ?’ ಎಂದು ಕೇಳಿದ್ದಾರೆ.)

ಸಹೋದರಿ,

ನೋಡಲೇಬೇಕೆಂಬ ಕಾನೂನೇನೂ ಇಲ್ಲ. ಆದರೆ ಐದು ನಿಮಿಷ ನಿಂತ ಜಾಗದ ಬಗ್ಗೆ ಒಂದು ವರ್ಷದ ಮೇಲೆ ಮೂರು ಪುಟ ಬರೆದಿದ್ದೀರಿ. ಹಾಗಾಗಿ ಹೋಗಿ ಎಂದೇ ಹೇಳುತ್ತೇನೆ.

ಮೊದಲು ಆ ಕಾವಲುಗಾರನ ವಿಷಯ ಮುಗಿಸೋಣ. ಬಂದವರ ಚೀಲ ನೋಡುವುದು ಅವನ ಕೆಲಸ. ನಮ್ಮ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಕಡಿಮೆಯೇ? ‘ಯಾವ ಊರಪ್ಪಾ?’ ಎಂದು ಕೇಳಿ ನೋಡಿ. ಖಾಸಗಿ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಕೊಳ್ಳಿರೆಂದು ಯಾರೂ ಬೆನ್ನು ಹತ್ತುವುದೂ ಇಲ್ಲ.

ಇನ್ನು ತಿಳಿಯುವ ಮಾತು. ಇದರಲ್ಲಿ ನಾನೂ ಎಡವಿದವನೇ. ಒಮ್ಮೆ ಇಂಥದ್ದೇ ಕೋಣೆಯಲ್ಲಿ ಗೋಡೆಗೆ ಅಂಟಿಸಿದ್ದ ಇಂಗ್ಲಿಷ್ ವಿವರಣೆಯನ್ನು ಕಾಲು ಗಂಟೆ ಓದಿದೆ. ಎದುರಿಗಿದ್ದ ಕೃತಿಯನ್ನು ಅರೆನಿಮಿಷವೂ ನೋಡಲಿಲ್ಲ. ಹೊರಗೆ ಬಂದಾಗ ಆ ಬರಹವೂ ತಲೆಯಲ್ಲಿರಲಿಲ್ಲ, ಕೃತಿಯೂ ಕಣ್ಣಲ್ಲಿರಲಿಲ್ಲ. ಕನ್ನಡ ನಾಡಿನ ರಾಜಧಾನಿಯಲ್ಲಿ ಗೋಡೆಯ ಬರಹ ಕನ್ನಡದಲ್ಲಿ ಸಿಗುವುದು ಅಪರೂಪ, ಅದಕ್ಕೆ ನನಗೆ ಸಿಟ್ಟಿದೆ. ಆದರೆ ಆ ಬರಹವನ್ನು ಕೊನೆಗೆ ಓದಿದರೆ ಸಾಕು, ಓದದಿದ್ದರೂ ನಷ್ಟವಿಲ್ಲ. ನೀವು ಬಟ್ಟೆ ಅಳೆಯುವವರು. ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು, ಎಷ್ಟು ದಿನ ಹಿಡಿದಿರಬಹುದು ಎಂಬಲ್ಲಿಂದ ಶುರುಮಾಡಿ.

ಶೀಲಾ ಗೌಡ ಎಂಬ ಕಲಾವಿದೆ ಇದ್ದಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬಾದಾಮಿಯಿಂದ ಹೋಗಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ ಅವರ ಶಿಷ್ಯೆ. ಬಣ್ಣ ಬಳಿಯುವುದನ್ನು ಬಿಟ್ಟು ಸಗಣಿಯಿಂದ ಕೃತಿ ಮಾಡತೊಡಗಿದರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಹಗ್ಗವಾಗಿಸಿದ್ದಾರೆ. ಆ ಕೆಂಪು ಹಗ್ಗ ಕೋಣೆಯ ತುಂಬ ತೂಗುತ್ತದೆ, ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಇದರ ಬಗ್ಗೆ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಆದರೆ ಸಂಜೆಯ ಮಬ್ಬಿನಲ್ಲಿ ಸೂಜಿಯ ಕಣ್ಣಿಗೆ ದಾರ ಪೋಣಿಸಿ ಕಣ್ಣು ಸೋತ ನಿಮಗೆ ಅದರ ಮುಂದೆ ನಿಂತಾಗ ಆಗುವುದು ಆ ವಿಮರ್ಶಕರಿಗೆ ಆಗಲಾರದು. ಶೀಲಾ ಅವರದೇ ಇನ್ನೊಂದು ಕೃತಿ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ: ಕೂದಲಿನ ಹಗ್ಗದಿಂದ ತೂಗುಬಿಟ್ಟ ಕಾರಿನ ಬಂಪರುಗಳು. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲ ಹಗ್ಗ ಕಟ್ಟುವುದನ್ನು ನಾವು ಹೆದ್ದಾರಿಯಲ್ಲಿ ದಿನವೂ ಕಾಣುತ್ತೇವೆ. ಲಂಡನ್ನಿನವರಿಗೆ ಅದನ್ನು ಬಿಡಿಸಿ ಹೇಳಬೇಕು.

ಹೀಗೆಂದ ಮಾತ್ರಕ್ಕೆ ತೂಗುಹಾಕಿದ್ದೆಲ್ಲ ಕಲೆಯಲ್ಲ. ಜಳ್ಳೂ ಬೇಕಾದಷ್ಟಿದೆ. ಹತ್ತು ನಿಮಿಷ ನಿಂತ ಮೇಲೂ ನಿಮ್ಮೊಳಗೆ ಏನೂ ಅಲುಗದಿದ್ದರೆ ಸಂಕೋಚವಿಲ್ಲದೆ ಮುಂದೆ ನಡೆಯಿರಿ.

‘ಪರ್ಫಾರ್ಮೆನ್ಸ್ ಎಂದು ಬೋರ್ಡ್ ಹಾಕಿದ್ದರು, ನಾಟಕವೂ ಅಲ್ಲ ಕುಣಿತವೂ ಅಲ್ಲ, ಏನದು?’ ಎಂದಿದ್ದೀರಿ. ನಮ್ಮ ಹಗಲುವೇಷದವರನ್ನು ನೆನೆಯಿರಿ. ರಂಗಸ್ಥಳವಿಲ್ಲ, ಪರದೆಯಿಲ್ಲ, ನಡುಬೀದಿಯಲ್ಲಿ ವೇಷ ಹಾಕಿದವನೊಬ್ಬ ಎದುರು ಬಂದಾಗ ಆ ಬೀದಿಯೇ ಬೇರೆಯಾಗುತ್ತದೆ. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಗಗನಯಾತ್ರಿಯ ವೇಷ ತೊಡಿಸಿ ಬೆಂಗಳೂರಿನ ಗುಂಡಿಬಿದ್ದ ರಸ್ತೆಯಲ್ಲಿ ಒಬ್ಬರನ್ನು ನಡೆಸಿದರಲ್ಲ, ನೋಡಿದವರಿಗೆ ಅದು ಚಂದ್ರನ ಮೇಲ್ಮೈಯಂತೆಯೇ ಕಂಡಿತು. ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ಆಗ ಯಾರೂ ಅರ್ಥ ಕೇಳಲಿಲ್ಲ.

ನಾಲ್ಕು ದಿನವೆಂದು ಎಂಟು ಜಾಗ ಸುತ್ತಬೇಡಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋದವರಿಗೆ ಮೊದಲ ದಿನ ನಿದ್ದೆಯೇ ಬೇಕು. ಅದು ಸೋಮವಾರವಾದರೆ ಇನ್ನೂ ಒಳ್ಳೆಯದು, ಅಂದು ಇಂಥ ಜಾಗಗಳೆಲ್ಲ ಹೆಚ್ಚಾಗಿ ಮುಚ್ಚಿರುತ್ತವೆ. ಸೋಮವಾರವೇ ಹೋಗಿ ಬೀಗ ನೋಡಿ ಬಂದವನು ನಾನು.

ಒಂದು ದಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿಗೆ ಹೋಗಿ. ಆ ಹಳೆಯ ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಅಂಗಳದ ಮರದ ನೆರಳಲ್ಲಿ ಬುತ್ತಿಯ ನೆನಪಾಗುತ್ತದೆ, ಆದರೆ ಅಲ್ಲಿ ಬಿಚ್ಚಬೇಡಿ. ಇನ್ನೊಂದು ದಿನ ಕಸ್ತೂರ ಬಾ ರಸ್ತೆ: 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಮಗನ ಮನೆ ಹೆಬ್ಬಾಳದ ಕಡೆ ಎಂದಿದ್ದೀರಿ. ಹಾಗಾದರೆ ವಿಜ್ಞಾನವನ್ನೂ ಕಲೆಯನ್ನೂ ಬೆರೆಸಿ ಪ್ರದರ್ಶನ ಮಾಡುವ ಸೈನ್ಸ್ ಗ್ಯಾಲರಿ ಹತ್ತಿರವೇ. ಅದಿರುವುದು ಬಳ್ಳಾರಿ ರಸ್ತೆಯಲ್ಲಿ, ಪ್ರವೇಶ ಉಚಿತ. ಅಷ್ಟು ದೂರ ಹೋಗಿ ಬಳ್ಳಾರಿ ರಸ್ತೆಯಲ್ಲೇ ನಿಂತೆವೆಂದು ನಗಬಹುದು.

ಸಂಜೆ ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ ನೋಡಿ. ನಮ್ಮ ಬಯಲಾಟದಲ್ಲಿ ನಡುರಾತ್ರಿ ಎದ್ದು ಹೋಗಿ ಚಹಾ ಕುಡಿದು ಬಂದರೂ ಭೀಮ ಇನ್ನೂ ಅಬ್ಬರಿಸುತ್ತಿರುತ್ತಾನೆ. ಅಲ್ಲಿ ಹಾಗಲ್ಲ. ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುತ್ತಾರೆ, ಆಮೇಲೆ ಯಾರನ್ನೂ ಬಿಡುವುದಿಲ್ಲ. ಬೆಂಗಳೂರಿನ ಸಂಚಾರ ದಟ್ಟಣೆ ಗೊತ್ತೇ ಇದೆ, ಹೆಬ್ಬಾಳದಿಂದ ಎರಡು ಗಂಟೆ ಮುಂಚೆಯೇ ಹೊರಡಿ.

ಸಮಯ ಉಳಿದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಅಲ್ಲಿ ತೊಗಲುಗೊಂಬೆಗಳ ಸಂಗ್ರಹವಿದೆ. ನಮ್ಮ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ತೊಗಲುಗೊಂಬೆ ಆಡಿಸಿದ್ದಕ್ಕೆ. ಸಂಗ್ರಹದ ಗೊಂಬೆಗೆ ಹಿಂದಿನಿಂದ ಹಾಡುವವರಿಲ್ಲ ಎಂಬುದೊಂದು ಕೊರತೆ.

ಆ ಸೀರೆಗಳ ಕೋಣೆ ಒಳ್ಳೆಯದಿತ್ತೋ ಕೆಟ್ಟದಿತ್ತೋ, ನಾನು ನೋಡಿಲ್ಲ. ನಿಮ್ಮ ಮೂರು ಪುಟಗಳಲ್ಲಿ ಸೀರೆಗಳ ಬಣ್ಣವಿದೆ, ಅಂಚಿನ ಅಗಲವಿದೆ, ಒಂದರಲ್ಲಿ ರಫು ಮಾಡಿದ ಜಾಗವನ್ನೂ ಗುರುತಿಸಿದ್ದೀರಿ. ಗಂಟು ಯಾವ ಬಗೆಯದು, ಬಿಚ್ಚಲು ಬರುವಂಥದ್ದೋ ಬಾರದ್ದೋ ಎಂಬುದನ್ನು ಮಾತ್ರ ಬರೆದಿಲ್ಲ. ನೆನಪಿದ್ದರೆ ತಿಳಿಸಿ.

— ಸಂಪಾದಕ