ಅರಿವಳಿಕೆ ಕೊಡುವ ನರ್ಸ್ ಆಗಬೇಕು, ಡಾಕ್ಟರೇಟ್ ಎಲ್ಲಿ ಮಾಡಲಿ?

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ನರ್ಸಿಂಗ್ ಓದಿ ಅರಿವಳಿಕೆ ಕಡೆಗೆ ಹೋಗೋದು ಹೇಗೆ, ಅದರಲ್ಲಿ ಡಾಕ್ಟರೇಟ್ ಮಾಡಿದರೆ ಏನು ಸಿಗುತ್ತದೆ ಅಂತ. ನಾಲ್ಕಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಹಾಸನದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ನರ್ಸ್‌ಗಳೇ ಅರಿವಳಿಕೆ ಕೊಡುತ್ತಾರಂತೆ, ಅದಕ್ಕೆ ಈಗ ಡಾಕ್ಟರೇಟ್ ಬೇಕಂತೆ. ಇಲ್ಲೇ ಎಂಎಸ್ಸಿ, ಪಿಎಚ್‌ಡಿ ಮಾಡಿಕೊಂಡು ಹೋದರೆ ಆ ಕೆಲಸ ಸಿಗುತ್ತಾ? ಐಸಿಯು ಅನುಭವ ಇನ್ನೂ ಎಷ್ಟು ವರ್ಷ ಬೇಕು?
— ಓದುಗಿ, ಅರಸೀಕೆರೆ

ಉತ್ತರ: ಸಿಗುವುದಿಲ್ಲಮ್ಮ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೆಯದು, ಯಾಕೆಂದರೆ ಎಷ್ಟೋ ಹುಡುಗಿಯರು ಐದಾರು ವರ್ಷ ಇಲ್ಲಿ ಓದಿ ಆಮೇಲೆ ಇದನ್ನು ತಿಳಿದುಕೊಳ್ಳುತ್ತಾರೆ.

ನಮ್ಮ ಪಿಎಚ್‌ಡಿ ಸಂಶೋಧನೆಯ ಪದವಿ. ಅಲ್ಲಿ ಈ ಕೆಲಸಕ್ಕೆ ಕೇಳುವ ಡಾಕ್ಟರೇಟ್ ಬೇರೆ. ಅದು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ರೋಗಿಯ ತಲೆ ಹತ್ತಿರ ನಿಂತು ಕಲಿಯುವಂಥದ್ದು. ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್) ಅಂತ ಒಂದು, ಡಿಎನ್‌ಎಪಿ (ಡಾಕ್ಟರ್ ಆಫ್ ನರ್ಸ್ ಅನಸ್ತೇಶಿಯಾ ಪ್ರಾಕ್ಟೀಸ್) ಅಂತ ಇನ್ನೊಂದು, ಯಾವುದನ್ನು ಮಾಡಿದರೂ ನಡೆಯುತ್ತದೆ. ಎರಡಕ್ಕೂ ಸುಮಾರು ಮೂರು ವರ್ಷ ಹಿಡಿಯುತ್ತದೆ. ಓದು ಮುಗಿಯುವಷ್ಟರಲ್ಲಿ ಕನಿಷ್ಠ 600 ಕೇಸು, 2,000 ಗಂಟೆ ಕ್ಲಿನಿಕಲ್ ಕೆಲಸ ಆಗಿರಬೇಕು. ಆಮೇಲೆ ರಾಷ್ಟ್ರಮಟ್ಟದ ಒಂದು ಪರೀಕ್ಷೆ. ಅದು ಪಾಸಾದರೆ ಸಿಆರ್‌ಎನ್‌ಎ, ಅಂದರೆ ಅರಿವಳಿಕೆ ಕೊಡಲು ಪ್ರಮಾಣಪತ್ರ ಪಡೆದ ನರ್ಸ್. ಮೊದಲು ಮಾಸ್ಟರ್ಸ್ ಸಾಕಿತ್ತು. 2022ರ ಜನವರಿ 1ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು ಅಂತ ನಿಯಮ ಬಂತು. ಹಳಬರು ಮಾಸ್ಟರ್ಸ್‌ನಲ್ಲೇ ಕೆಲಸ ಮುಂದುವರಿಸಬಹುದು.

ಈಗ ಐಸಿಯು ವಿಷಯಕ್ಕೆ ಬರುತ್ತೇನೆ. ಇದನ್ನು ಗಮನವಿಟ್ಟು ಓದಿ. ಆ ಕೋರ್ಸಿಗೆ ಸೇರಲು ಕ್ರಿಟಿಕಲ್ ಕೇರ್‌ನಲ್ಲಿ ಕನಿಷ್ಠ 1 ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು, ಮತ್ತು ಆ ಒಂದು ವರ್ಷ ಅಮೆರಿಕದ ಒಳಗೇ ಆಗಿರಬೇಕು, ಇಲ್ಲವೇ ಹೊರದೇಶದಲ್ಲಿರುವ ಅವರದೇ ಮಿಲಿಟರಿ ಆಸ್ಪತ್ರೆಯಲ್ಲಿ. ಹಾಸನದ ಐಸಿಯು ಈ ಲೆಕ್ಕಕ್ಕೆ ಬರುವುದಿಲ್ಲ, ದುಬೈದೂ ಬರುವುದಿಲ್ಲ. ಅಂದರೆ ನೀವು ಮೊದಲು ಅಲ್ಲಿ ಸಾಮಾನ್ಯ ನರ್ಸ್ ಆಗಿ ಹೋಗಲೇಬೇಕು. ಅಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು, ಅದು ಅಷ್ಟು ಕಷ್ಟದ ಮಾತಲ್ಲ. ಕಷ್ಟ ಇರುವುದು ವೀಸಾದಲ್ಲಿ. ನರ್ಸ್‌ಗಳು ಸಾಮಾನ್ಯವಾಗಿ ಹೋಗುವ ಇಬಿ-3 (ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡಿನ ಒಂದು ವರ್ಗ) ದಾರಿಯಲ್ಲಿ ಭಾರತದಲ್ಲಿ ಹುಟ್ಟಿದವರ ಸರದಿ ಹತ್ತು ವರ್ಷಕ್ಕೂ ಜಾಸ್ತಿ ಹಿಂದೆ ಉಳಿದಿದೆ. ನಿಮಗೀಗ 25 ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಕಾಲಿಡುವಾಗ 35 ದಾಟಿರುತ್ತದೆ, ಒಂದೆರಡು ವರ್ಷ ಐಸಿಯು, ಮೂರು ವರ್ಷ ಓದು, ಹೀಗೆ ನಲವತ್ತರ ಹತ್ತಿರ. ಆಗೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಈ ಲೆಕ್ಕವನ್ನು ಏಜೆಂಟ್ ನಿಮ್ಮ ಮುಂದೆ ಇಡುವುದಿಲ್ಲ, ಅದಕ್ಕೇ ನಾನು ಇಡುತ್ತಿದ್ದೇನೆ. ಅರ್ಜಿ ಹಾಕಿಸುವುದಾದರೆ ಬೇಗ ಹಾಕಿಸಿ, ಸರದಿ ಅರ್ಜಿಯ ದಿನಾಂಕದಿಂದ ಎಣಿಸುತ್ತದೆ. ಕಾಯುವ ಕಾಲದಲ್ಲಿ ಇಲ್ಲಿನ ಜೀವನ ನಿಲ್ಲಿಸಬೇಡಿ.

ಹಾಗಂತ ನಿಮ್ಮ ಎರಡು ವರ್ಷ ದಂಡ ಅಲ್ಲವೇ ಅಲ್ಲ. ಹೊರದೇಶದ ಆಸ್ಪತ್ರೆಗಳು ಕೆಲಸ ಕೊಡುವಾಗ ಮೊದಲು ನೋಡುವುದು ಅದನ್ನೇ. ಆದರೆ ಐಸಿಯುನಲ್ಲಿ ಸುಮ್ನೆ ಡ್ಯೂಟಿ ಮುಗಿಸಿ ಬರಬೇಡಿ. ರೋಗಿಯ ಬಿಪಿ 80ಕ್ಕೆ ಇಳಿಯಿತು, ಡಾಕ್ಟರು ಹೇಳಿದರು, ನೀವು ಬಿಪಿ ಏರಿಸುವ ಮದ್ದು ನಾರ್‌ಅಡ್ರಿನಲಿನ್ ಪಂಪಿನ ರೇಟ್ ಏರಿಸಿದಿರಿ. ಅಷ್ಟಕ್ಕೇ ಬಿಡಬೇಡಿ. ಯಾಕೆ ಇಳಿಯಿತು? ಎಲ್ಲೋ ರಕ್ತ ಹೋಗುತ್ತಿದೆಯಾ, ಸೋಂಕಿನಿಂದಾದ ಸೆಪ್ಸಿಸ್ಸಾ, ಸೆಡೇಶನ್ (ಮಂಪರು ಬರಿಸುವ ಮದ್ದು) ಜಾಸ್ತಿ ಆಯ್ತಾ, ಹೃದಯವೇ ಪಂಪ್ ಮಾಡುತ್ತಿಲ್ಲವಾ? ಅರಿವಳಿಕೆಯ ಮದ್ದು ಪ್ರೊಪೊಫಾಲ್ ಕೊಟ್ಟ ಕೂಡಲೇ ಒತ್ತಡ ಬೀಳುವುದು ರಕ್ತನಾಳ ಸಡಿಲವಾಗಿ, ರಕ್ತಸ್ರಾವದಲ್ಲಿ ಬೀಳುವುದು ನಾಳದಲ್ಲಿ ರಕ್ತವೇ ಕಡಿಮೆಯಾಗಿ. ಮಾನಿಟರಿನಲ್ಲಿ ಕಾಣುವ ನಂಬರು ಎರಡರಲ್ಲೂ ಒಂದೇ, ಮಾಡಬೇಕಾದದ್ದು ಬೇರೆ. ಪಲ್ಸ್ ಆಕ್ಸಿಮೀಟರಿನ ಸದ್ದನ್ನು ಕಿವಿಗೊಟ್ಟು ಕೇಳಿ, ಆಮ್ಲಜನಕ ಇಳಿದಂತೆ ಆ ಟಿಕ್ ಟಿಕ್ ದನಿ ತಗ್ಗುತ್ತದೆ. ಪಳಗಿದ ಅನಸ್ತೇಶಿಯಾದವರು ಸ್ಕ್ರೀನ್ ನೋಡುವ ಮೊದಲೇ ಅದನ್ನು ಕೇಳಿ ತಿರುಗುತ್ತಾರೆ. ನಿಮಗೆ ಈ ಥರದ ಕೆಲಸ ಖುಷಿ ಕೊಡುತ್ತದೆ ಅಂತಾದರೆ ಮಾತ್ರ ಆ ದೂರದ ದಾರಿ ಹಿಡಿಯಿರಿ.

ಭಾರತದಲ್ಲೇ ಇರುವುದಾದರೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಎರಡು ವರ್ಷದ ಎಂಎಸ್ಸಿ ಇದೆ. ರೆಸಿಡೆನ್ಸಿ ಮಾದರಿಯದ್ದು, ಹೆಚ್ಚಿನ ಕಲಿಕೆ ಹಾಸಿಗೆ ಪಕ್ಕದಲ್ಲೇ. ಅದು ಓಟಿಯಲ್ಲಿ ಅರಿವಳಿಕೆ ಕೊಡುವ ಅಧಿಕಾರ ಕೊಡುವುದಿಲ್ಲ. ಆದರೂ ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಅದನ್ನೇ.

ಪ್ರಶ್ನೆ: ನನಗೆ 38 ವರ್ಷ. ಎಂಎಸ್ಸಿ ಆಗಿದೆ, ಮೆಡಿಕಲ್ ಸರ್ಜಿಕಲ್. ಬಹಳ ವರ್ಷದಿಂದ ಓಟಿಯಲ್ಲಿದ್ದೇನೆ. ಪಿಎಚ್‌ಡಿ ಮಾಡಿದರೆ ಓಟಿಯಲ್ಲಿ ನನ್ನ ಕೆಲಸ ಬದಲಾಗುತ್ತಾ? ಅರಿವಳಿಕೆಗೆ ಸಂಬಂಧಪಟ್ಟ ವಿಷಯ ತೆಗೆದುಕೊಳ್ಳಬಹುದಾ?
— ಸ್ಟಾಫ್ ನರ್ಸ್, ಚಿಕ್ಕಮಗಳೂರು

ಉತ್ತರ: ಓಟಿಯಲ್ಲಿ ಬದಲಾಗುವುದಿಲ್ಲ. ನಮ್ಮಲ್ಲಿ ಅರಿವಳಿಕೆ ಕೊಡುವುದು ಆ ವಿಷಯ ಓದಿದ ವೈದ್ಯರ ಕೆಲಸ, ಪಿಎಚ್‌ಡಿ ಬಂದರೂ ಅದು ಹಾಗೇ ಇರುತ್ತದೆ. ಬದಲಾಗುವುದು ಓಟಿಯ ಹೊರಗೆ. ನರ್ಸಿಂಗ್ ಕಾಲೇಜಿನಲ್ಲಿ ಪ್ರೊಫೆಸರ್, ಪ್ರಿನ್ಸಿಪಾಲ್ ಹುದ್ದೆ, ಸಂಶೋಧನೆ, ಆಸ್ಪತ್ರೆಯ ಗುಣಮಟ್ಟ ನೋಡುವ ಕೆಲಸ. ನರ್ಸಿಂಗ್ ಕೌನ್ಸಿಲ್ ಮತ್ತು ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿ ನಡೆಸುವ ಪಿಎಚ್‌ಡಿ ಒಕ್ಕೂಟ ಇದೆ, ಮಣಿಪಾಲ, ನಿಮ್ಹಾನ್ಸ್‌ಗಳಲ್ಲೂ ನರ್ಸಿಂಗ್ ಪಿಎಚ್‌ಡಿ ಇದೆ.

ವಿಷಯದ ಬಗ್ಗೆ ಕೇಳಿದ್ದು ಬಹಳ ಸಂತೋಷ ಆಯ್ತು. ನಿಮ್ಮ ಕಣ್ಣ ಮುಂದೆಯೇ ಒಂದಿದೆ, ಉಪವಾಸ. ಕಳಸದಿಂದಲೋ ಕೊಪ್ಪದಿಂದಲೋ ಬಂದು ಅಡ್ಮಿಟ್ ಆದ ಅಜ್ಜಿಗೆ ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ ಅಂತೀವಿ. ಪಟ್ಟಿಯಲ್ಲಿ ಅವರ ಹೆಸರು ಕೊನೆಯಲ್ಲಿ. ಮಧ್ಯೆ ಒಂದು ಎಮರ್ಜೆನ್ಸಿ ಸಿಸೇರಿಯನ್ ಬಂತು. ಅಜ್ಜಿಯನ್ನು ಒಳಗೆ ಕರೆದುಕೊಂಡಾಗ ಮಧ್ಯಾಹ್ನ ಒಂದು ಗಂಟೆ. ಹದಿನೈದು ಗಂಟೆ ಬಾಯಿಗೆ ಒಂದು ಹನಿ ನೀರಿಲ್ಲ. ನಾಲಿಗೆ ಒಣಗಿದೆ, ತಲೆನೋವು, ಕೈಯಲ್ಲಿ ನರ ಸಿಗುತ್ತಿಲ್ಲ, ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟ ಮೇಲೆ ಬಿಪಿ ಬೇರೆ ಬೀಳುತ್ತದೆ. ನಿಗದಿಯಾದ ಸರ್ಜರಿಗೆ ಬರುವ ಆರೋಗ್ಯವಂತ ರೋಗಿಗೆ ಲಘು ಊಟಕ್ಕೆ 6 ಗಂಟೆ, ನೀರು ಮತ್ತು ತಿಳಿಯಾದ ಪಾನೀಯಕ್ಕೆ 2 ಗಂಟೆ, ಎದೆಹಾಲಿಗೆ 4 ಗಂಟೆ ಸಾಕು ಅಂತ ಅನಸ್ತೇಶಿಯಾದವರ ಮಾರ್ಗಸೂಚಿಗಳೇ ಹೇಳುತ್ತವೆ. ನಮ್ಮ ಊರಿಗೆ ಬೇಕಾದ ಮಾತು ಇದು: ಹಾಲಿಲ್ಲದ ಕಪ್ಪು ಕಾಫಿ ಎರಡು ಗಂಟೆಯ ಲೆಕ್ಕ, ಹಾಲು ಹಾಕಿದ ಕಾಫಿ ಆರು ಗಂಟೆಯ ಲೆಕ್ಕ. ಇದನ್ನು ರೋಗಿಯ ಮನೆಯವರಿಗೆ ಯಾರಾದರೂ ಬಿಡಿಸಿ ಹೇಳಿದ್ದಾರಾ?

ನಿಮ್ಮ ಆಸ್ಪತ್ರೆಯಲ್ಲಿ ರೋಗಿಗಳು ನಿಜವಾಗಿ ಎಷ್ಟು ಗಂಟೆ ಹಸಿದಿರುತ್ತಾರೆ ಅಂತ ಮೊದಲು ಬರೆದಿಡಿ. ಆಮೇಲೆ ಪಟ್ಟಿಯ ಕ್ರಮ ನೋಡಿ ಒಬ್ಬೊಬ್ಬರಿಗೂ ಬೇರೆ ಸಮಯ ಬರೆದುಕೊಡುವ ಚೀಟಿ ಮಾಡಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮತ್ತೆ ಅಳೆಯಿರಿ. ಅನಸ್ತೇಶಿಯಾ ಡಾಕ್ಟರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಹೆರಿಗೆ, ಎಮರ್ಜೆನ್ಸಿ ಇಂಥ ಕಡೆ ಲೆಕ್ಕ ಬೇರೆ, ಕೊನೆಯ ಮಾತು ಅವರದೇ. ಇದು ಎಲ್ಲೋ ಗ್ರಂಥಾಲಯದಲ್ಲಿ ಹುಡುಕಿ ತೆಗೆದ ವಿಷಯ ಅಲ್ಲ, ನಾಳೆಯಿಂದಲೇ ನಿಮ್ಮ ರೋಗಿಗೆ ಉಪಯೋಗಕ್ಕೆ ಬರುತ್ತದೆ. 38 ಅಂದರೆ ತಡ ಏನೂ ಅಲ್ಲ. ಅರ್ಜಿ ಹಾಕಿ.

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ಅಮೆರಿಕದಲ್ಲಿ ಅರಿವಳಿಕೆ ಕೊಡುವ ನರ್ಸ್‌ಗೆ ವರ್ಷಕ್ಕೆ ಒಂದೂವರೆ ಕೋಟಿ ಸಂಬಳ ಅಂತ ಮೊಬೈಲಿನಲ್ಲಿ ನೋಡಿ ಅದೇ ಆಗಬೇಕು ಅಂತಾಳೆ. ನಮಗೆ ಸ್ವಲ್ಪ ಕಾಫಿ ತೋಟ ಇದೆ, ಅದರ ಮೇಲೆ ಸಾಲ ಮಾಡೋಣವಾ? ಡಾಕ್ಟರಲ್ಲದೆ ನರ್ಸ್ ಅರಿವಳಿಕೆ ಕೊಡೋದು ಅಂದರೆ ನನಗಂತೂ ನಂಬಿಕೆ ಬರ್ತಿಲ್ಲ.
— ಬೆಳೆಗಾರರು, ಮೂಡಿಗೆರೆ

ಉತ್ತರ: ಸಂಬಳದ ಮಾತು ಸುಳ್ಳಲ್ಲ, ಅಲ್ಲಿ ವರ್ಷಕ್ಕೆ 2 ಲಕ್ಷ ಡಾಲರ್ ದಾಟುತ್ತದೆ. ಖರ್ಚನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಆ ಡಾಕ್ಟರೇಟಿನ ಫೀಸು ಎಷ್ಟೋ ಕಡೆ 1 ಲಕ್ಷ ಡಾಲರ್ ಮೀರುತ್ತದೆ, ಓದುವಾಗ ಬೇರೆ ಕೆಲಸ ಮಾಡೋಕೆ ಪುರುಸೊತ್ತೇ ಇರುವುದಿಲ್ಲ. ಆದರೆ ಅದು ಇನ್ನೂ ಹದಿನೈದು ವರ್ಷದಾಚೆಯ ಖರ್ಚು, ಅಷ್ಟು ಹೊತ್ತಿಗೆ ಅವಳೇ ಅಲ್ಲಿ ದುಡಿಯುತ್ತಿರುತ್ತಾಳೆ. ಅದಕ್ಕೆಂದು ಈಗ ತೋಟ ಮುಟ್ಟಬೇಡಿ. ಈಗ ಬೇಕಿರುವುದು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಅಷ್ಟೇ. ಕೆಇಎ ಸಿಇಟಿ ಬರೆಸಿ, ಸರ್ಕಾರಿ ಸೀಟು ಸಿಕ್ಕರೆ ಖರ್ಚು ಎಷ್ಟೋ ಇಳಿಯುತ್ತದೆ. ಖಾಸಗಿಗೆ ಹೋಗುವುದಾದರೆ ಕಟ್ಟಡ ನೋಡಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಹಾಸಿಗೆಗಳಲ್ಲಿ ರೋಗಿಗಳಿದ್ದಾರಾ, ಐಸಿಯು ನಡೆಯುತ್ತಿದೆಯಾ ಅಂತ ಹೋಗಿ ನೋಡಿ.

ನಂಬಿಕೆಯ ಮಾತು ಕೇಳಿದ್ದೀರಿ. ಈ ಕೆಲಸ ಅಲ್ಲಿ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಮಿನ್ನೆಸೋಟ ರಾಜ್ಯದ ರೋಚೆಸ್ಟರಿನಲ್ಲಿ ಶಸ್ತ್ರವೈದ್ಯರಾದ ಮೇಯೊ ಸಹೋದರರ ಜೊತೆ ಆಲಿಸ್ ಮಗಾ ಅನ್ನುವ ನರ್ಸ್ ಕೆಲಸ ಮಾಡುತ್ತಿದ್ದರು. ಅರಿವಳಿಕೆಯಿಂದ ಸಾವು ಮಾಮೂಲಿಯಾಗಿದ್ದ ಕಾಲ ಅದು. 14,000ಕ್ಕೂ ಹೆಚ್ಚು ರೋಗಿಗಳಿಗೆ ಅರಿವಳಿಕೆ ಕೊಟ್ಟು, ಅದರಿಂದಾಗಿ ಒಂದು ಸಾವೂ ಆಗಲಿಲ್ಲ ಅಂತ 1906ರಲ್ಲಿ ಅವರು ವರದಿ ಬರೆದರು. ಹನಿ ಹನಿಯಾಗಿ ಈಥರ್ ಹಾಕುತ್ತಾ, ರೋಗಿಯ ಜೊತೆ ಮೆಲ್ಲಗೆ ಮಾತಾಡುತ್ತಾ ನಿದ್ದೆಗೆ ಕರೆದೊಯ್ಯುತ್ತಿದ್ದರು. 1931ರಲ್ಲಿ ಈ ನರ್ಸ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು. ಇವತ್ತು ಅಲ್ಲಿನ ಎಷ್ಟೋ ಹಳ್ಳಿ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡಲು ಇರುವವರೇ ಇವರು. ವೈದ್ಯರ ಮೇಲ್ವಿಚಾರಣೆ ಬೇಕೇ ಬೇಡವೇ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೇಲ್ವಿಚಾರಣೆ ಬೇಕು ಅನ್ನುವ ಕೇಂದ್ರದ ನಿಯಮದಿಂದ 2001ರಲ್ಲಿ ಮೊದಲು ಹೊರಬಂದ ರಾಜ್ಯ ಅಯೋವಾ. ಡಾಕ್ಟರೇಟ್ ಆದವರಿಗೆ ಓಟಿಯ ಆಚೆಗೂ ದಾರಿ ಇದೆ. ಪಾಠ ಮಾಡಬಹುದು, ನೋವಿನ ಚಿಕಿತ್ಸೆಗೆ ಹೋಗಬಹುದು, ಸೇನೆ ಸೇರಬಹುದು. ಕೋರ್ಸ್ ನಡೆಸುವ ಮುಖ್ಯಸ್ಥರಾಗಬೇಕೆಂದರೆ ಅಲ್ಲಿ ಡಾಕ್ಟರೇಟ್ ಕಡ್ಡಾಯ.

ಮಗಳ ಹತ್ತಿರ ಒಂದು ಕೇಳಿ. ಅಮೆರಿಕಕ್ಕೆ ಹೋಗಲು ಆಗದೇ ಇದ್ದರೂ ನರ್ಸ್ ಆಗಿರಲು ಇಷ್ಟವೇ ಅಂತ. ಹೌದು ಅಂದರೆ ಧೈರ್ಯವಾಗಿ ಸೇರಿಸಿ.

ಪ್ರಶ್ನೆ: ನಾನು ಬಿಎಸ್ಸಿ ಅನಸ್ತೇಶಿಯಾ ಟೆಕ್ನಾಲಜಿ ಓದುತ್ತಿದ್ದೇನೆ. ನಾನೂ ಸಿಆರ್‌ಎನ್‌ಎ ಆಗಬಹುದಾ?
— ವಿದ್ಯಾರ್ಥಿ, ಹಾಸನ

ಉತ್ತರ: ಆಗುವುದಿಲ್ಲ, ಅದಕ್ಕೆ ಮೊದಲು ನರ್ಸ್ ಆಗಿ ರಿಜಿಸ್ಟರ್ ಆಗಿರಬೇಕು. ಆದರೆ ಅಮೆರಿಕದಲ್ಲೇ ಅನಸ್ತೇಶಿಯಾಲಜಿಸ್ಟ್ ಅಸಿಸ್ಟೆಂಟ್ ಅಂತ ಇನ್ನೊಂದು ಹುದ್ದೆ ಇದೆ. ಎರಡು ವರ್ಷದ ಆಸುಪಾಸಿನ ಮಾಸ್ಟರ್ಸ್, ನರ್ಸಿಂಗ್ ಬೇಕಿಲ್ಲ, ಡಾಕ್ಟರೇಟೂ ಬೇಕಿಲ್ಲ. ಅನಸ್ತೇಶಿಯಾ ವೈದ್ಯರ ಕೈಕೆಳಗೆ ಮಾತ್ರ ಕೆಲಸ, ಅದೂ ಎಲ್ಲ ರಾಜ್ಯಗಳಲ್ಲಿ ಇಲ್ಲ. ಸೇರಲು ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿಯನ್ನು ಡಿಗ್ರಿ ಮಟ್ಟದಲ್ಲಿ ಓದಿರಬೇಕು, ಎಂಕ್ಯಾಟ್ ಅಥವಾ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತಾರೆ. ನಿಮ್ಮ ಕೋರ್ಸಿನ ಸಿಲಬಸ್ಸನ್ನು ಅವರು ಕೇಳುವ ವಿಷಯಗಳ ಪಕ್ಕ ಇಟ್ಟು ಯಾವುದು ಕಡಿಮೆ ಬೀಳುತ್ತದೆ ಅಂತ ಈಗಲೇ ಗುರುತು ಹಾಕಿಕೊಳ್ಳಿ. ಇಂಟರ್ನ್‌ಶಿಪ್ ವರ್ಷವನ್ನು ಕೇಸು ಜಾಸ್ತಿ ಇರುವ ಆಸ್ಪತ್ರೆಯಲ್ಲೇ ಮಾಡಿ.